ಆ ಹುಡುಗನ್ನ ಜೈಲಿಗೆ ಹಾಕ್ರಿ ಅಂತೀರಲ್ಲ ಮಾಸ್ತರ್ರೇ

ಮಾಸ್ತರ್ರೇ, ಶರಣು ಶರಣಾರ್ಥಿ.

ಸೇಡಂದಿಂದ ನೀವು ಬರೆದ ಪತ್ರ ಮುಟ್ಟೇದ. ನಾಲ್ಕು ಹಾಳಿ, ಎರಡೂ ಮಗ್ಗಲ ತುಂಬಾ ಬರ್ದೀರಿ, ಎಲ್ಲೂ ಒಂದು ಅಕ್ಷರ ಹೊಡೆದು ಹಾಕಿಲ್ಲ. ಹಂತಾ ಪತ್ರ ನಮ್ಮ ಆಫೀಸಿಗೆ ಬರೋದು ಈಗ ಅಪರೂಪ ಆಗೇದ ನೋಡ್ರಿ, ಎಲ್ಲಾರೂ ವಾಟ್ಸಾಪ್‌ದಾಗ ಎರಡು ಸಾಲು ಹೊಡೆದು ಕೆಳಗ ಒಂದು ಕೈ ಮುಗಿಯೋ ಚಿತ್ರ ಅಂಟಿಸಿ ಬಿಡ್ತಾರ. ಸಿಟ್ಟಿದ್ರೂ ಅದೇ ಚಿತ್ರ, ಖುಷಿ ಇದ್ರೂ ಅದೇ ಚಿತ್ರ.

ಉಳಿದ ಓದುಗರಿಗೆ ವಿಷಯ ತಿಳೀಲಿ ಅಂತ ನಿಮ್ಮ ಮಾತು ಸಣ್ಣಾಗಿ ಇಲ್ಲಿ ಹೇಳ್ತೀನಿ. ನಮ್ಮ ಪತ್ರಿಕೆದಾಗ ಬರ್ತಿರೋ ಹಾಸ್ಯ ಧಾರಾವಾಹಿ ಕಾದಂಬರಿ, ಅದರಾಗ ಹೀರೋ ಅಂದ್ರ ಇಪ್ಪತ್ನಾಲ್ಕು ವರ್ಷದ ಒಬ್ಬ ಸುಳ್ಳಬುರಕ ಹುಡುಗ, ಬೀದರದಿಂದ ಶುರು ಮಾಡಿ ಯಾದಗಿರಿ ತನಕ ಊರೂರಿಗೆ ಹೆಸರು ಬದಲಿಸ್ಕೋತ ಮಂದಿಗೆ ಟೋಪಿ ಹಾಕ್ಕೋತ ಹೋಗ್ತಾನ, ಖರೆ ಹೆಸರು ಏನು ಅಂತ ಲೇಖಕರು ಇನ್ನೂ ಬಿಟ್ಟುಕೊಟ್ಟಿಲ್ಲ, ಒಂದು ಸಲಾನೂ ಸಿಕ್ಕಿ ಬಿದ್ದಿಲ್ಲ. ನೀವು ಕೇಳೋದು ಏನಂದ್ರ, "ಕಳಬೇಡ ಕೊಲಬೇಡ ಹುಸಿಯ ನುಡಿಯಲು ಬೇಡ ಅಂದ ಬಸವಣ್ಣನ ನೆಲ ಇದು, ಮಿತಾಕ್ಷರ ಅನ್ನೋ ನ್ಯಾಯದ ಗ್ರಂಥ ಬರೆದ ವಿಜ್ಞಾನೇಶ್ವರನ ಮರತೂರು ಇರೋ ಜಿಲ್ಲಾ ಇದು, ಇಲ್ಲಿ ಕುಂತು ನೀವು ಒಬ್ಬ ಲಫಂಗನ್ನ ಹೀರೋ ಮಾಡಿ ಮೆರಸ್ತೀರೇನು?" ಅಂತ. ಎರಡನೇದು, ನಿಮ್ಮ ಮೊಮ್ಮಗ ಊಟಕ್ಕ ಕುಂತಾಗ ಆ ಕಂತು ಜೋರಾಗಿ ಓದಿ ಬಿದ್ದು ಬಿದ್ದು ನಗ್ತಾನ, ನಿಮಗ ಅನ್ನ ಗಂಟಲದಾಗ ಇಳೀವಲ್ದು. ಮೂರನೇದು, ಮುಂದಿನ ಸಂಚಿಕೆದಾಗ ಅವನ್ನ ಜೈಲಿಗೆ ಹಾಕ್ಸ್ರಿ ಇಲ್ಲಾಂದ್ರ ನನ್ನ ಚಂದಾ ನಿಲ್ಲಸ್ರಿ.

ನಿಮ್ಮ ಪತ್ರ ಬಂದ ವಾರಾನೇ ಬ್ಯಾರೇ ಪತ್ರಾನೂ ಬಂದಾವ. ಬೀದರದ ಒಬ್ಬ ತಾಯಿ ಬರೆದಾರ, ಓಣಿ ಹೆಣ್ಮಕ್ಕಳು ಮಧ್ಯಾಹ್ನ ಒಂದು ಮನ್ಯಾಗ ಸೇರಿ ಓದ್ತಾರಂತ, ಒಬ್ಬಾಕಿ ಓದಿದ್ರ ಉಳಿದವರು ಕೇಳ್ತಾರಂತ, ಕಂತು ಸಣ್ಣದಾಯ್ತು ಇನ್ನೆರಡು ಪುಟ ಹೆಚ್ಚು ಮಾಡ್ರಿ ಅಂತಾರ. ಯಾದಗಿರಿಯ ಗೊಬ್ಬರದ ಅಂಗಡಿ ಸಾಹುಕಾರ್ರು, ನನ್ನ ಅಂಗಡಿಗೆ ಇಂಥಾಂವ ಒಬ್ಬ ಖರೇನೇ ಬಂದಿದ್ದ, ಲೇಖಕರಿಗೆ ಹೆಂಗ ಗೊತ್ತಾತು ಅಂತ ಕೇಳ್ಯಾರ. ಹುಮನಾಬಾದ, ಚಿತ್ತಾಪುರ, ಸುರಪುರ, ಮೂರೂ ಕಡಿಂದ "ಇಂವ ನಮ್ಮೂರಾಂವ, ನಮಗ ಗೊತ್ತದ" ಅಂತ ಬಂದದ, ಮೂರೂ ಮಂದಿ ಬ್ಯಾರೆ ಬ್ಯಾರೆ ಮನುಷ್ಯಾನ ಗುರುತು ಹೇಳ್ಯಾರ, ಅವನ್ನೆಲ್ಲ ಛಾಪಿಸಿದ್ರ ನಾನು ಕೋರ್ಟಿಗೆ ಅಲೀಬೇಕಾಗ್ತದ. ಇನ್ನೊಂದು ಪತ್ರ ಕಲಬುರಗಿಯ ಒಬ್ಬ ಹುಡುಗಂದು, ಬರೇ ನಾಕು ಸಾಲು. ಅದರ ಬಗ್ಗೆ ಆಮ್ಯಾಲೆ ಹೇಳ್ತೀನಿ, ಯಾಕಂದ್ರ ಎಲ್ಲಾ ಪತ್ರಕ್ಕಿಂತ ನನ್ನ ಕಾಡಿದ್ದು ಅದು.

ಮೊದಲು ನಿಮ್ಮ ಬಸವಣ್ಣ. ನೀವು ಆ ವಚನ ಅರ್ಧಕ್ಕ ನಿಲ್ಲಿಸೀರಿ ಮಾಸ್ತರ್ರೇ. ಕಳಬೇಡ, ಕೊಲಬೇಡ, ಹುಸಿಯ ನುಡಿಯಲು ಬೇಡ, ಇಲ್ಲಿಗೆ ಮೂರು. ಆಮ್ಯಾಲೆ ಮುನಿಯಬೇಡ, ಅನ್ಯರಿಗೆ ಅಸಹ್ಯಪಡಬೇಡ, ಆಮ್ಯಾಲೆ ಆರನೇದು ಏನದ? ತನ್ನ ಬಣ್ಣಿಸಬೇಡ. ಸಾಲಿ ಗ್ವಾಡಿ ಮ್ಯಾಲ ಪೂರ್ತಿ ಬರೆಸಿರ್ತೀವಿ, ನೆನಪಿಡೋದು ಮಾತ್ರ ಮೊದಲಿನ ಮೂರು, ಯಾಕಂದ್ರ ಅವು ಪೊಲೀಸ್ರಿಗೆ ಸಂಬಂಧಪಟ್ಟವು. ಆರನೇದು ತಪ್ಪಿದ್ರ ಯಾರೂ ಕಂಪ್ಲೇಂಟ್ ಕೊಡಂಗಿಲ್ಲ. ನಮ್ಮ ಧಾರಾವಾಹಿ ಹುಡುಗ ಮೂರನೇದು ಮುರಿದು ಬದುಕ್ತಾನ, ಒಪ್ತೀನಿ, ಆದ್ರ ಅವನ ದುಕಾನ್ ನಡೆಯೋದೇ ಮಂದಿ ಆರನೇದು ಮುರಿಯೋದ್ರಿಂದ. ಯಾರು ತಮ್ಮನ್ನ ತಾವು ಬಣ್ಣಿಸ್ಕೋತಾರೋ ಅವರ ಮನಿ ಬಾಗಲಾನೇ ಅಂವ ಬಡಿಯೋದು. ಎಲ್ಲಾ ಕಂತು ಹಿಡದು ಮತ್ತೊಮ್ಮೆ ನೋಡ್ರಿ, ಒಂದೇ ಒಂದು ಬಿಟ್ಟು.

ಮೊದಲನೇ ಕಂತು ಬೀದರದ ಮಣ್ಣಿಂದು. ಬಿದರಿ ಕೆಲಸದಾಗ ಸತುವು ತಾಮ್ರ ಸೇರಿಸಿ ಎರಕ ಹೊಯ್ದು, ಕೊರೆದು, ಬೆಳ್ಳಿ ತಂತಿ ಕೂಡಿಸಿ, ಕಡೀಕ ಬೀದರ ಕೋಟಿಯ ಹಳೇ ಮಣ್ಣು ನವಸಾಗರದ ಜೋಡಿ ಕುದಿಸಿ ಅದರಾಗ ಹಾಕ್ತಾರ, ಆಗ ಲೋಹ ಕರ್ರಗಾಗ್ತದ, ಬೆಳ್ಳಿ ಮಾತ್ರ ಬೆಳ್ಳಗ ಉಳೀತದ. ಆ ಮಣ್ಣಿಗೆ ಬಿಸಿಲು ಮಳೆ ತಾಗಿರಬಾರ್ದು ಅಂತ ಕೆಲಸಗಾರರು ಹೇಳ್ತಾರ. ಹುಡುಗ ಏನು ಮಾಡ್ತಾನ, ತಮ್ಮ ಮನಿ ಹಿತ್ತಲದ ಮಣ್ಣು ಪಾಕೀಟು ಕಟ್ಟಿ "ಕೋಟಿ ಮಣ್ಣು, ಬಹಮನಿ ಕಾಲದ್ದು" ಅಂತ ಹೊರಗಿನಿಂದ ಬಂದ ಶ್ರೀಮಂತರಿಗೆ ಮಾರ್ತಾನ. ಕೊಂಡವರು ಅದನ್ನ ಏನು ಮಾಡ್ತಾರ? ಬೈಠಕ್ ಖೋಲಿದಾಗ ಗಾಜಿನ ಬಾಟ್ಲಿದಾಗ ಇಟ್ಟು ಬಂದವರಿಗೆಲ್ಲ ತೋರಸ್ತಾರ! ಕಡೀಕ ಮುದುಕ ಕಾರೀಗರ್ ಒಬ್ಬಾತ ಒಂದು ಚಿಟಿಕಿ ನಾಲಗಿ ಮ್ಯಾಲ ಇಟ್ಟು, "ತಮ್ಮಾ, ನಿಮ್ಮನಿ ಬಾವಿ ನೀರು ಉಪ್ಪು ಅದ ನೋಡು" ಅಂತಾನ. ಅಷ್ಟೇ. ಬೈಯಂಗಿಲ್ಲ, ಹಿಡಿದು ಕೊಡಂಗಿಲ್ಲ. ನನಗ ಇಡೀ ಕಾದಂಬರಿದಾಗ ಭಾಳ ಸೇರಿದ ಜಾಗ ಅದು, ಹುಡುಗ ಸೋತದ್ದು ಅಲ್ಲೊಂದೇ ಕಡೆ, ಕೆಲಸ ಬಲ್ಲಾವನ ಮುಂದ ಅವನ ಸುಳ್ಳು ನಡೀಲಿಲ್ಲ. ಆ ಕಂತಿಗೆ ಒಬ್ಬರೂ ಸಿಟ್ಟಿಗೇಳಲಿಲ್ಲ. ನೀವೂ ಎದ್ದಿರ್ಲಿಲ್ಲ.

ಲಗ್ನದ ಕಂತಿಗೆ ಮಾತ್ರ ಪತ್ರದ ಮಳಿ. ನೀವೂ ಪೆನ್ನು ಹಿಡಿದದ್ದು ಅದಾದ ಮ್ಯಾಲೇ, ನಿಮ್ಮ ಪತ್ರದ ತಾರೀಖು ನೋಡಿನಿ. ಶಹಾಪುರ ಕಡೆ ಒಂದು ಮನಿತನಕ್ಕ ನಮ್ಮ ಹುಡುಗ ಪ್ರೊಬೇಷನರಿ ತಹಶೀಲ್ದಾರ ಅಂತ ಹೇಳ್ಕೊಂಡು ಕನ್ಯಾ ನೋಡ್ಲಿಕ್ಕೆ ಹೋಗ್ತಾನ, ಬಾಡಿಗಿ ಇನೋವಾ, ಬಾಡಿಗಿ ಮಾಮಾ, ಬಾಡಿಗಿ ಅವ್ವ. ಹೆಣ್ಣಿನವರು ಕಮ್ಮಿ ಏನು, ಹನ್ನೆರಡು ಎಕರೆ ನೀರಾವರಿ, ನಾರಾಯಣಪುರ ಎಡದಂಡೆ ಕಾಲುವಿ ನೀರು ಹೊಲದಾಗೇ ಬರ್ತದ ಅಂತಾರ. ಕಾಲುವಿ ಖರೆ ಅದ, ನೀರು ಖರೆ ಅದ, ಆದ್ರ ಇವರ ಹೊಲ ಕಾಲುವಿ ಮುಗಿಯೋ ಟೇಲ್ ಎಂಡ್‌ದಾಗ, ನೀರು ಅಲ್ಲಿ ಮುಟ್ಟೋದ್ರಾಗ ಮ್ಯಾಲಿನವರು ಭತ್ತ ಕೊಯ್ದು ಮುಗಿಸಿರ್ತಾರ. ಮತ್ತ ಕನ್ಯಾಕ್ಕ ಎಮ್ಮೆಸ್ಸಿ ಅಂತಾರ, ಆಕಿ ಫಸ್ಟ್ ಇಯರ್‌ದಾಗೇ ಬಿಟ್ಟಾಕಿ. ಎರಡೂ ಕಡೆ ಮಂದಿ ಒಬ್ಬರಿಗಿಂತ ಒಬ್ಬರು ಮ್ಯಾಲ ಮ್ಯಾಲ ಏರ್ಸ್ಕೋತ ಹೋಗಿ ಹೋಗಿ ಕಡೀಕ ಬಾಡಿಗಿ ಮಾಮಾಗೇ ತಡಕೊಳ್ಳಾಕ ಆಗದೆ ಎದ್ದು ಹೊರಗ ಹೋಗಿ ಬೀಡಿ ಹಚ್ಚತಾನ. ಅಲ್ಲಿ ಹೊರಗ ಅವಗ ಹುಡುಗಿ ಅಜ್ಜ ಸಿಗ್ತಾನ, ಅಂವನೂ ಅದಕ್ಕೇ ಎದ್ದು ಬಂದಾವ.

ಈಗ ಹೇಳ್ರಿ, ಆ ಅಂಗಳದಾಗ ಯಾರಿಗೆ ಯಾರು ಮೋಸ ಮಾಡಿದ್ರು? ಹುಡುಗ ಒಂದು ಸುಳ್ಳು ತಗೊಂಡು ಬಂದ, ಅಲ್ಲಿ ಅವಗ ಎರಡು ಸಿಕ್ಕವು. ಪತ್ರ ಬರೆದವರು ಬಹಳ ಮಂದಿ "ಮರ್ಯಾದಿಸ್ಥ ಮನಿತನಕ್ಕ ಅವಮಾನ ಮಾಡೀರಿ" ಅಂದಾರ. ತಹಶೀಲ್ದಾರ ಅಂತ ಸುಳ್ಳು ಹೇಳಿದ್ದು ಯಾಕ ಬರೆದ್ರಿ ಅಂತ ಒಬ್ಬರೂ ಕೇಳಿಲ್ಲ ಮಾಸ್ತರ್ರೇ, ನೀರಾವರಿ ಸುಳ್ಳು ಯಾಕ ಬರೆದ್ರಿ ಅಂತ ಕೇಳ್ಯಾರ.

ಇದು ಹೊಸಾದೂ ಅಲ್ಲ. ಸ್ಪೇನ್ ದೇಶದಾಗ 1554ರಾಗ ಒಂದು ಸಣ್ಣ ಪುಸ್ತಕ ಬಂತು, ಲಜಾರಿಲ್ಯೋ ಅನ್ನೋ ಬಡ ಹುಡುಗನ ಕಥಿ, ಬರೆದವರು ಹೆಸರು ಹಾಕಿರ್ಲಿಲ್ಲ, ಬುದ್ಧಿವಂತಿಕೆ ಮಾಡಿದ್ರು. ಹುಡುಗ ಕುರುಡ ಮುದುಕನ ಕಡೆ ಚಾಕರಿಗೆ ಇರ್ತಾನ, ಅವನ ವೈನ್ ಮಡಕಿಗೆ ಹುಲ್ಲಿನ ಕೊಳವಿ ಹಾಕಿ ಹೀರ್ತಾನ, ಅದು ಗೊತ್ತಾದ ಮ್ಯಾಲ ಬುಡಕ್ಕ ತೂತು ಮಾಡಿ ಮೇಣ ಮೆತ್ತಿ ಕುಡೀತಾನ. ಮುಂದ ಒಬ್ಬ ದೊಡ್ಡ ಮನಿತನದ ಸಾಹೇಬನ ಕಡೆ ಹೋಗ್ತಾನ, ಆ ಸಾಹೇಬಗ ತಿನ್ನಲಿಕ್ಕೆ ರೊಟ್ಟಿ ತುಂಡು ಗತಿ ಇಲ್ಲ, ಆದ್ರ ದಿನಾ ಬಾಗಲಾಗ ನಿಂತು ಹಲ್ಲು ಕಡ್ಡಿಲೆ ಹಲ್ಲು ತಿವಿಕೋತ ನಿಲ್ತಾನ, ನೋಡಿದವರು ಊಟ ಆಗೇದ ಅನ್ಲಿ ಅಂತ. ನಮ್ಮ ಶಹಾಪುರದ ಬೀಗರು ನೆನಪಾಗ್ತಾರಲ್ಲ? 1559ರಾಗ ಅಲ್ಲಿನ ಚರ್ಚಿನ ಧರ್ಮ ವಿಚಾರಣೆಯವರು, ಇನ್ಕ್ವಿಸಿಷನ್ ಅಂತಾರಲ್ಲ ಅವರು, ಆ ಪುಸ್ತಕ ಬ್ಯಾನ್ ಮಾಡಿದ್ರು, ಮಂದಿ ಓದೋದು ಬಿಡಲಿಲ್ಲ, ಹಿಂಗಾಗಿ 1573ರಾಗ ಕತ್ತರಿ ಹಾಕಿದ ಒಂದು ಪ್ರತಿ ಅವರೇ ಹೊರಡಿಸಿದ್ರು. ಏನು ಕತ್ತರಿಸಿದ್ರು ಅನ್ನೋದೇ ಮಜಾ ಅದ. ಹುಡುಗ ಕದ್ದದ್ದು ಹಂಗೇ ಬಿಟ್ರು. ಪಾಪ ಕ್ಷಮೆಯ ಪತ್ರ ಮಾರ್ಕೋತ ಸುಳ್ಳು ಪವಾಡ ತೋರಿಸೋ ಧರ್ಮಗುರುವಿನ ಅಧ್ಯಾಯ, ಸನ್ಯಾಸಿ ಒಬ್ಬನ ಅಧ್ಯಾಯ, ಅವು ಎರಡೂ ಪೂರಾ ಕಿತ್ತಿ ಹಾಕಿದ್ರು. ನನಗ ಬಂದ ಪತ್ರ ಓದ್ತಾ ಓದ್ತಾ ಆ ಕತ್ತರಿ ಇನ್ನೂ ಸವದಿಲ್ಲ ಅನಸ್ತದ. ನಿಮಗ ಅಂದದ್ದಲ್ಲ, ಒಟ್ಟಾರೆ ಅಂದೆ.

ಮತ್ತ ಬಸವಣ್ಣನ ಕಡೆನೇ ಬರೂಣು, ನೀವೇ ಎಳೆದು ತಂದೀರಿ. ಕಲ್ಯಾಣದಾಗ ಕಳ್ಳರು ಇರ್ಲಿಲ್ಲ ಅಂತ ತಿಳ್ಕೊಂಡೀರೇನು? ಬಸವ ಪುರಾಣದ ಕಥಿಯೊಳಗ, ಭೀಮಕವಿ 1369ರಾಗ ಕನ್ನಡಕ್ಕ ತಂದ್ನಲ್ಲ ಆ ಪುರಾಣ, ಶರಣರ ವೇಷ ಹಾಕ್ಕೊಂಡು ಬದನೆಕಾಯಿ ಅರಿವ್ಯಾಗ ಕಟ್ಟಿ ಲಿಂಗ ಅಂತ ತೋರಿಸಿಕೊಂಡು ಬಸವಣ್ಣನ ಮನಿಗೆ ಬಂದವರ ಕಥಿ ನಮ್ಮ ಅಜ್ಜಿ ಮುತ್ಯಾಂದಿರು ಎಷ್ಟು ಚಂದ ಹೇಳ್ತಿದ್ರು. ಪೂಜಾ ಹೊತ್ತಿಗೆ ಎಲ್ಲಾರೂ ಗಂಟು ಬಿಚ್ಚರಿ ಅಂದಾಗ ಅವರ ಮುಖ ಹೆಂಗಾಗಿರಬೇಕು! ಬಿಚ್ಚಿದ್ರ ಬದನೆಕಾಯಿ ಹೋಗಿ ಲಿಂಗ ಆಗಿತ್ತು. ಭಕ್ತಿಲೆ ಕೇಳೋರಿಗೆ ಅದು ಪವಾಡ, ಆದ್ರ ಪಕ್ಕದಾಗ ಕುಂತ ಹುಡುಗರು ನಗೋದು ಬದನೆಕಾಯಿಗೆ, ಹಿರಿಯರು ಯಾರೂ ಅವರಿಗೆ ನಗಬ್ಯಾಡ್ರಿ ಅನ್ತಿರ್ಲಿಲ್ಲ.

ಕನ್ನದ ಮಾರಿತಂದೆ ಅಂತೂ ನಿಮಗ ನಾನು ಹೇಳೋದು ಬ್ಯಾಡ, ನೀವೇ ಕ್ಲಾಸಿನಾಗ ಹೇಳಿರ್ತೀರಿ. ಕನ್ನ ಹಾಕೋ ಮನುಷ್ಯ, ಶರಣ ಆದ ಮ್ಯಾಲೂ ಹೆಸರಿನ ಮುಂದಿನ ಕನ್ನ ಹೋಗ್ಲಿಲ್ಲ. ಅವನ ವಚನದಾಗ ಒಂದು ಮಾತು ಬರ್ತದ, ನಾನು ನಮ್ಮ ಭಾಷಾದಾಗ ಹೇಳ್ತೀನಿ, ಕತ್ತಲದಾಗ ಕನ್ನ ಹಾಕಿದ್ರ ನನ್ನ ಒಡೆಯಗ ಭಂಗ, ಮೈಮರೆತವರ ಮನಿ ಹೊಕ್ಕರ ನನ್ನ ಕಳ್ಳತನಕ್ಕೇ ಭಂಗ, ಅದಕ್ಕ ಮಲಗಿದವರನ್ನ ಎಬ್ಬಿಸಿ, ಅವರ ಒಡವಿ ಅವರಿಗೇ ತೋರಿಸಿ, ನನ್ನ ಒಡವಿ ತಂದೆ ಅಂತಾನ. ಅಂವ ಹೇಳಿದ್ದು ಅಧ್ಯಾತ್ಮ, ನಾನು ಅದನ್ನ ಹಾಸ್ಯ ಕಾದಂಬರಿಗೆ ಎಳೀತೀನಿ ಅಂತ ಬೈದ್ರ ಬೈರಿ, ಆದ್ರ ನಗಿಸೋ ಲೇಖಕ ಮಾಡೋ ಕೆಲಸಕ್ಕ ಇದಕ್ಕಿಂತ ಬರೋಬರಿ ಮಾತು ನನಗ ಎಲ್ಲೂ ಸಿಕ್ಕಿಲ್ಲ. ಲಗ್ನದ ಕಂತಿನಾಗ ಮಲಗಿದ್ದ ಮಂದೀನ್ನ ಎಬ್ಬಿಸಿ ಅವರ ನೀರಾವರಿ, ಅವರ ಎಮ್ಮೆಸ್ಸಿ ಅವರಿಗೇ ತೋರಿಸ್ಯಾನ. ನಿದ್ದಿಗೆಡಿಸಿದಾಂವಗ ಯಾರು ಛಲೋ ಅಂತಾರ?

ಇಷ್ಟು ನಿಮಗ ಎದುರು ಮಾತಾಡಿನಿ. ಈಗ ಆ ಕಲಬುರಗಿ ಹುಡುಗನ ಪತ್ರಕ್ಕ ಬರ್ತೀನಿ, ಮತ್ತ ಇಲ್ಲಿ ನಾನು ನಿಮ್ಮ ಕಡೆ ಜರಾ ಸರೀಬೇಕಾಗ್ತದ.

ಅಂವ ಬರೆದದ್ದು ಇಷ್ಟೇ. "ಸರ್, ಪರೀಕ್ಷಾ ಕಂತು ಓದಿದೆ. ನನ್ನ ರೂಮ್‌ಮೇಟ್ ನಕ್ಕ. ನನಗ ನಗು ಬರಲಿಲ್ಲ. ನಾನು 2021ರಾಗ ಪಿಎಸ್‌ಐ ಬರೆದಿದ್ದೆ."

ಹೊರಗಿನ ಓದುಗರಿಗೆ ಇದು ತಿಳೀಲಿಕ್ಕಿಲ್ಲ, ಹೇಳ್ತೀನಿ. 545 ಪಿಎಸ್‌ಐ ಅಂದ್ರ ಪೊಲೀಸ್ ಸಬ್ ಇನ್ಸ್ಪೆಕ್ಟರ್ ಹುದ್ದೆಕ್ಕ 2021ರ ಅಕ್ಟೋಬರ್ 3ಕ್ಕ ಪರೀಕ್ಷಾ ಆಯ್ತು, ರಾಜ್ಯದಾಗ ಐವತ್ತು ಸಾವಿರಕ್ಕಿಂತ ಹೆಚ್ಚು ಮಂದಿ ಕುಂತಿದ್ರು. ಉತ್ತರ ಗುರುತು ಹಾಕೋ ಓಎಂಆರ್ ಶೀಟ್ ಖಾಲಿ ಬಿಟ್ಟು ಆಮ್ಯಾಲೆ ತುಂಬಿಸಿದ್ದು, ಬ್ಲೂಟೂತ್ ಹಚ್ಚಿಕೊಂಡು ಬರೆದದ್ದು, ಎಲ್ಲಾ ಹೊರಗ ಬಿತ್ತು, ಮೊದಲು ಬಯಲಾದದ್ದೇ ನಮ್ಮ ಕಲಬುರಗಿಯ ಒಂದು ಸೆಂಟರ್‌ದಾಗಿನ ವ್ಯವಹಾರ. 2022ರ ಏಪ್ರಿಲ್‌ದಾಗ ಪರೀಕ್ಷಾ ರದ್ದು ಮಾಡಿದ್ರು, ಮರು ಪರೀಕ್ಷಾ ಆಗೋದ್ರಾಗ 2024ರ ಜನವರಿ ಬಂತು. ನಡುವ 2023ರ ಅಕ್ಟೋಬರ್‌ದಾಗ ಕೆಇಎ, ಅಂದ್ರ ರಾಜ್ಯದ ಪರೀಕ್ಷಾ ಪ್ರಾಧಿಕಾರದ ಪರೀಕ್ಷೆಯೊಳಗ ಕಲಬುರಗಿ ಯಾದಗಿರಿ ಎರಡೂ ಕಡೆ ಮತ್ತ ಬ್ಲೂಟೂತ್ ಹಿಡಿದ್ರು. ಲೈಬ್ರರಿ ಬಾಗಲು ತೆಗೆಯೋದ್ರಾಗ ಹೋಗಿ ಕುರ್ಚಿ ಹಿಡಿಯೋ ಹುಡುಗರು ಹುಡುಗೀರು ಈ ಊರಾಗ ಎಷ್ಟು ಮಂದಿ ಅದಾರ, ಒಂದು ಖೋಲಿದಾಗ ನಾಕು ಮಂದಿ, ಊರಿಂದ ಅವ್ವ ಕಟ್ಟಿ ಕಳಿಸಿದ ಕಡಕ್ ರೊಟ್ಟಿ ಶೇಂಗಾ ಹಿಂಡಿ ಮ್ಯಾಲ ವಾರ ತಳ್ಳೋರು. ವಯಸ್ಸು ಮೀರ್ತದ ಅಂತ ದಿನಾ ಎಣಿಸೋರು. ಎರಡು ವರ್ಷ ಮ್ಯಾಲ ಅವರದು ಹಂಗೇ ಹೋಯ್ತು.

ನಮ್ಮ ಧಾರಾವಾಹಿದಾಗ ಪರೀಕ್ಷಾ ಕಂತು ಏನು? ರೊಕ್ಕದ ಸೊಕ್ಕಿನ ಅಪ್ಪ ಒಬ್ಬ ತನ್ನ ದಡ್ಡ ಮಗನ್ನ ಸಾಹೇಬ ಮಾಡಬೇಕು ಅಂತ ನಮ್ಮ ಹುಡುಗಗ ಅಡ್ವಾನ್ಸ್ ಕೊಡ್ತಾನ, ಹುಡುಗ ಕಿವ್ಯಾಗ ಇಡೋ ಮಷಿನ್ ಅಂತ ಹೇಳಿ ಕೆಟ್ಟ ಹಿಯರಿಂಗ್ ಏಡ್ ಕೊಟ್ಟು ಕಳಸ್ತಾನ, ಮಗ ಹಾಲ್‌ದಾಗ ಕುಂತು ಉತ್ತರ ಬರ್ತದ ಬರ್ತದ ಅಂತ ಕಾಯ್ತಾನ, ಬರೋದು ಬರೇ ಗುಂಯ್ ಅನ್ನೋ ಸಪ್ಪಳ. ಟೋಪಿ ಬಿದ್ದದ್ದು ಸೊಕ್ಕಿನ ಅಪ್ಪಗೇ, ತನ್ನ ಬಣ್ಣಿಸ್ಕೊಂಡಾವಗೇ, ಲೆಕ್ಕ ಹಾಕಿದ್ರ ಈ ಕಂತೂ ಉಳಿದವುಗಳ ಹಂಗೇ ಅದ. ಲೇಖಕರು ಫೋನ್‌ದಾಗ ನನ್ನ ಮುಂದ ಅದೇ ವಾದ ಮಾಡಿದ್ರು. ಆದ್ರ ಆ ಹಾಲ್‌ದಾಗ ಇನ್ನೂ ಇಪ್ಪತ್ತಮೂರು ಮಂದಿ ಕುಂತಿದ್ರಲ್ಲ, ಅವರು ಎಲ್ಲಿ? ಕಂತಿನಾಗ ಅವರಿಗೆ ಒಂದು ಸಾಲು ಇಲ್ಲ, ಬೆಂಚು ಅದ, ಫ್ಯಾನ್ ಅದ, ಸೂಪರ್‌ವೈಸರ್‌ನ ಚಪ್ಪಲ್ ಸಪ್ಪಳಾನೂ ಅದ, ಅವರು ಮಾತ್ರ ಇಲ್ಲ. ಮಣ್ಣು ಕೊಂಡವರು ಸುಳ್ಳಿನಾಗ ಪಾಲುದಾರರು, ಬೀಗರು ಪಾಲುದಾರರು, ಆದ್ರ ಈ ಹುಡುಗರು ಯಾವ ಪಾಲೂ ಕೇಳಿದವರಲ್ಲ. ಬ್ಯಾರೆ ಊರಾಗ ಛಾಪಿಸಿದ್ರ ಆ ಕಂತು ನಡೀತಿತ್ತೇನೋ, ಕಲಬುರಗಿದಾಗ ನಡಿಯಂಗಿಲ್ಲ. ಇಲ್ಲಿ ಓದುಗ ಆ ಸೊಕ್ಕಿನ ಅಪ್ಪನ್ನ ಬಿಟ್ಟು ಹಿಂದಿನ ಬೆಂಚಿನ ಕಡೇನೇ ನೋಡ್ತಾನ, ಅಲ್ಲಿ ಯಾರನ್ನೂ ಕೂಡ್ಸಿಲ್ಲ. ಸಿದ್ಧ ನಗು ಭಾಳ ಕೈಗೆ ಸಿಕ್ಕಾಗ ಲೇಖಕ ಸೋಮಾರಿ ಆಗ್ತಾನ, ಇಲ್ಲಿ ಹಂಗ ಆಗೇದ ಅಂತ ನಾನು ಅವರಿಗೆ ಹೇಳಿನಿ, ಅವರು ಒಪ್ಪಿಲ್ಲ, ಒಪ್ಪೋದು ಬಿಡೋದು ಅವರಿಗೆ ಬಿಟ್ಟದ್ದು.

ಅಂದಮ್ಯಾಲ ನೀವು ಹೇಳಿದಂಗ ಹುಡುಗನ್ನ ಜೈಲಿಗೆ ಹಾಕಿದ್ರ ಇದು ಸರಿ ಹೋಗ್ತದೇನು? ನನಗ ಹಂಗ ಅನಸಂಗಿಲ್ಲ. ಜೈಲಿಗೆ ಹಾಕಿದ ಕೂಡಲೆ ಓದುಗ ಕೈ ಝಾಡಿಸಿ ಎದ್ದು ಹೋಗ್ತಾನ, ಕಳ್ಳ ಒಳಗಾದ ಊರು ಶುದ್ಧ ಆಯ್ತು ಅಂತ. ಬೀಗರು ಶುದ್ಧ, ಗಾಜಿನ ಬಾಟ್ಲಿ ಇಟ್ಟವರು ಶುದ್ಧ, ಅಡ್ವಾನ್ಸ್ ಕೊಟ್ಟ ಅಪ್ಪ ಸೈತ ಶುದ್ಧ. ಕಂಪನಿ ನಾಟಕದಾಗ ಕಡೀ ಸೀನ್‌ಗೆ ಪೊಲೀಸ್ ಬರೋದು ನಾವು ಶರಣಬಸವೇಶ್ವರ ಜಾತ್ರ್ಯಾಗ ಎಷ್ಟು ಸಲ ನೋಡೀವಿ, ಪೊಲೀಸ್ ಬಂದ ಅಂದ್ರ ಮಂದಿ ಚಪ್ಪಲ್ ಹುಡುಕಲಿಕ್ಕೆ ಶುರು ಮಾಡ್ತಾರ. ಶಿಕ್ಷಾ ಕೊಡೋದು ಕೋರ್ಟಿನ ಕೆಲಸ, ಅದಕ್ಕ ನಿಮ್ಮ ಮರತೂರಿನ ವಿಜ್ಞಾನೇಶ್ವರ ಬರೆದಿಟ್ಟಾನ, ಈಗ ನ್ಯಾಯ ಸಂಹಿತೆನೂ ಬಂದದ, ಮೋಸದ ಕಲಮು 420 ಹೋಗಿ 318 ಆಗೇದ, ಕಾದಂಬರಿಕಾರಗ ಯಾವ ಕಲಮೂ ಕೊಟ್ಟಿಲ್ಲ.

ಮೊಮ್ಮಗನ ಬಗ್ಗೆ ಚಿಂತಿ ಮಾಡೀರಿ. ಓದಿ ಕೆಡ್ತಾನ ಅಂತ ನಿಮಗ ಅಂಜಿಕಿ. ಮಾಸ್ತರ್ರೇ, ಸುಳ್ಳು ಹೇಳೋದು ಕಲಿಯೋ ಹುಡುಗ ಪತ್ರಿಕೆ ಹಾಸಿಗಿ ಕೆಳಗ ಮುಚ್ಚಿಡ್ತಾನ. ನಿಮ್ಮಾಂವ ಊಟದ ತಾಟಿನ ಮುಂದ ಕುಂತು ಅಜ್ಜಗ ಕೇಳೂವಂಗ ಓದ್ತಾನ, ನಿಮ್ಮನ್ನ ನಗಿಸಬೇಕು ಅಂತ. ಒಮ್ಮೆ ಆ ಮಣ್ಣಿನ ಕಂತು ನೀವೇ ಅವಗ ಓದಿ ಹೇಳ್ರಿ, ನಾಲಗಿ ಮ್ಯಾಲ ಚಿಟಿಕಿ ಇಟ್ಟ ಮುದುಕನ ಜಾಗ ಬಂದಾಗ ಅಂವ ಏನಂತಾನ ಕೇಳ್ರಿ, ನನಗೂ ಬರೀರಿ. ಮೋಸ ಮಾಡೋ ಮಂದಿ ಈಗ ಧಾರಾವಾಹಿ ಓದಿ ಕಲಿಯೋ ಕಾಲ ಇಲ್ಲ, ಅವರು ವಿಡಿಯೋ ಕಾಲ್‌ದಾಗ ಪೊಲೀಸ್ ಡ್ರೆಸ್ ಹಾಕ್ಕೊಂಡು ಡಿಜಿಟಲ್ ಅರೆಸ್ಟ್ ಮಾಡೀವಿ ಅಂತ ಪೆನ್ಷನ್ ರೊಕ್ಕಾನೇ ಹೊಡೀತಾರ, ಅವರ ಮುಂದ ನಮ್ಮ ಹುಡುಗ ಪಾಪ ಹಳೇ ಕಾಲದಾಂವ.

ಇನ್ನ ನಮ್ಮ ನಿರ್ಧಾರ. ಧಾರಾವಾಹಿ ನಿಲ್ಲಂಗಿಲ್ಲ. ಕಂತು ಕತ್ತರಿಸಂಗೂ ಇಲ್ಲ, ಪರೀಕ್ಷಾ ಕಂತೂ ಪುಸ್ತಕ ಆಗುವಾಗ ಹಂಗೇ ಇರ್ತದೋ ಬದಲಾಗ್ತದೋ ಲೇಖಕರ ಇಚ್ಛಾ. ಆದ್ರ ಆ ಕಲಬುರಗಿ ಹುಡುಗನ ನಾಕು ಸಾಲು, ಅಂವ ಒಪ್ಪಿಗಿ ಕೊಟ್ಟಾನ, ಮುಂದಿನ ಸಂಚಿಕೆದಾಗ ಧಾರಾವಾಹಿಯ ಪುಟದ ಮ್ಯಾಲೇ ಬಾಕ್ಸ್ ಮಾಡಿ ಹಾಕ್ತೀವಿ, ಓದುಗರ ಪತ್ರದ ಮೂಲ್ಯಾಗ ಅಲ್ಲ. ನಿಮ್ಮ ನಾಲ್ಕು ಹಾಳಿನೂ ಅದೇ ಸಂಚಿಕೆದಾಗ ಪೂರ್ತಿ ಬರ್ತದ, ನನಗ ಬೈದ ಜಾಗ ಸಹಿತ. ಕಡೀ ಹಾಳಿ ಹಿಂದ ನಮ್ಮ ಪ್ರೂಫಿನ ತಪ್ಪು ಪಟ್ಟಿ ಮಾಡೀರಲ್ಲ, ಅದನ್ನ ಮಾತ್ರ ಛಾಪಿಸಂಗಿಲ್ಲ, ಪ್ರೂಫ್ ನೋಡೋ ತಂಗಿ ಟೇಬಲ್ ಮ್ಯಾಲ ಇಟ್ಟೀನಿ, ಆಕಿ ಮುನಿಸ್ಕೊಂಡಾಳ.

ಚಂದಾ ನಿಲ್ಲಸೋದು ನಿಮ್ಮ ಹಕ್ಕು. ಉಳಿದ ತಿಂಗಳಿಂದು ರೊಕ್ಕ ವಾಪಸ್ ಕಳಸ್ತೀವಿ, ಚೆಕ್ ಬರ್ತದ, ಪೋಸ್ಟಿನಾಗ. ಅಷ್ಟರಾಗ ಯಾರರ ಪತ್ರಿಕೆ ಆಫೀಸಿನಿಂದ ಅಂತ ಹೇಳಿ ಫೋನ್ ಮಾಡಿ, ರಿಫಂಡ್ ಹಾಕ್ತೀವಿ ಓಟಿಪಿ ಹೇಳ್ರಿ ಅಂದ್ರ ಹೇಳಬ್ಯಾಡ್ರಿ, ನಾವು ಕೇಳಂಗಿಲ್ಲ. ಗಡಬಡಿಸಿ ಹೇಳೇ ಬಿಟ್ಟಿದ್ರ ಕೂಡಲೆ ಸೈಬರ್ ಮೋಸದ ಸಹಾಯವಾಣಿ 1930ಕ್ಕ ಫೋನ್ ಹಚ್ಚರಿ.

ನಿಮ್ಮ
ಸಂಪಾದಕ